ಅಮೆರಿಕದ ಪಬ್ಲಿಕ್ ಶಾಲೆಗೆ ಮಗುವನ್ನು ಸೇರಿಸುವಾಗ: ವಿಳಾಸ, ಹೆಸರು, ಲಸಿಕೆ ಚೀಟಿ ಮತ್ತು ಮೊದಲ ಕೆಲವು ವಾರ

ಅಮೆರಿಕದಲ್ಲಿ ಪಬ್ಲಿಕ್ ಸ್ಕೂಲ್ ಅಂದರೆ ನಮ್ಮ ಲೆಕ್ಕದಲ್ಲಿ ಸರ್ಕಾರಿ ಶಾಲೆ. ಫೀಸಿಲ್ಲ, ಡೊನೇಶನ್ ಇಲ್ಲ, ಅಪ್ಪ–ಅಮ್ಮನಿಗೆ ಇಂಟರ್‌ವ್ಯೂ ಇಲ್ಲ. ಎಲಿಮೆಂಟರಿ ಶಾಲೆಯಲ್ಲಿ ಸಾಮಾನ್ಯವಾಗಿ ಕಿಂಡರ್‌ಗಾರ್ಟನ್‌ನಿಂದ ಐದನೇ ತರಗತಿವರೆಗೆ ಇರುತ್ತದೆ. ನೀವಿರುವ ಮನೆ ಯಾವ ಸ್ಕೂಲ್ ಡಿಸ್ಟ್ರಿಕ್ಟ್‌ಗೆ (ಒಂದು ಪ್ರದೇಶದ ಪಬ್ಲಿಕ್ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಕ್ಕೆ) ಸೇರಿದೆಯೋ ಆ ಡಿಸ್ಟ್ರಿಕ್ಟ್ ನಿಮ್ಮ ಮಗುವಿಗೆ ಜಾಗ ಕೊಡಲೇಬೇಕು. ನೀವು ಫೆಬ್ರವರಿಯಲ್ಲಿ, ವರ್ಷದ ನಡುವೆ ಹೋಗಿ ನಿಂತರೂ ಅಷ್ಟೆ.

ಸೀಟಿನ ಚಿಂತೆ ಇಲ್ಲದ ಮೇಲೆ ಮಗು ಎರಡು–ಮೂರು ವಾರ ಮನೆಯಲ್ಲೇ ಕೂರುವುದು ಯಾಕೆ? ಕಾಗದದಿಂದ. ಕರ್ನಾಟಕದಿಂದ ಹೊಸದಾಗಿ ಹೋದವರ ವಿಷಯದಲ್ಲಿ ತೊಡಕು ಹುಟ್ಟುವ ಜಾಗಗಳು ಹೆಚ್ಚೂ ಕಡಿಮೆ ಗೊತ್ತಿರುವಂಥವೇ: ಮನೆಯ ವಿಳಾಸ, ಪಾಸ್‌ಪೋರ್ಟಿನಲ್ಲಿರುವ ಹೆಸರು, ಲಸಿಕೆ ಚೀಟಿ, ಮನೆಮಾತಿನ ಫಾರಂ. ಇವುಗಳಲ್ಲಿ ಅರ್ಧ ಕೆಲಸವನ್ನು ವಿಮಾನ ಹತ್ತುವ ಮೊದಲೇ ಮುಗಿಸಬಹುದು. ಶಾಲೆಯ ನಿಯಮಗಳನ್ನು ರಾಜ್ಯವೂ ಡಿಸ್ಟ್ರಿಕ್ಟೂ ಸೇರಿ ಮಾಡುತ್ತವೆ. ಆದ್ದರಿಂದ ಡಾಲಸ್‌ನ ಗೆಳೆಯರು ಹೇಳಿದ್ದು ನ್ಯೂಜೆರ್ಸಿಯಲ್ಲಿ ನಡೆಯದೇ ಹೋಗಬಹುದು. ಕೊನೆಯ ಮಾತು ನಿಮ್ಮ ಡಿಸ್ಟ್ರಿಕ್ಟ್‌ನದೇ.

ಮನೆ ಮೊದಲು, ಶಾಲೆ ಆಮೇಲೆ

ಪ್ರತಿ ಶಾಲೆಗೂ ಒಂದು ಗಡಿ ಇದೆ. ರಸ್ತೆಯ ಈ ಬದಿಯ ಅಪಾರ್ಟ್‌ಮೆಂಟ್ ಒಂದು ಶಾಲೆಗೆ, ಆ ಬದಿಯದು ಇನ್ನೊಂದು ಶಾಲೆಗೆ ಸೇರಿರುವುದು ಮಾಮೂಲು. ಮನೆ ಬಾಡಿಗೆಗೆ ಹಿಡಿಯುವ ಮುಂಚೆ ಡಿಸ್ಟ್ರಿಕ್ಟ್‌ನ ಸ್ವಂತ ವೆಬ್‌ಸೈಟಿನಲ್ಲಿ ‘ಸ್ಕೂಲ್ ಲೊಕೇಟರ್’ ಹುಡುಕಿ, ಮನೆ ನಂಬರಿನ ಸಮೇತ ಪೂರ್ತಿ ವಿಳಾಸ ಹಾಕಿ ನೋಡಿ. ಮನೆ ಬಾಡಿಗೆಯ ಜಾಹೀರಾತಿನಲ್ಲಿ ಶಾಲೆಯ ಹೆಸರಿದೆ ಎಂದು ನಂಬಿ ಲೀಸಿಗೆ, ಅಂದರೆ ಬಾಡಿಗೆ ಕರಾರಿಗೆ, ಸಹಿ ಹಾಕಬೇಡಿ, ಗಡಿಗಳು ಆಗಾಗ ಬದಲಾಗುತ್ತವೆ. ಅದಾದ ಮೇಲೆ ಶಾಲೆಯ ಆಫೀಸಿಗೆ ಫೋನ್ ಮಾಡಿ, ಮಗುವಿನ ತರಗತಿಯಲ್ಲಿ ಜಾಗ ಇದೆಯೇ ಎಂದು ಕೇಳಿ. ಆ ತರಗತಿ ತುಂಬಿದ್ದರೆ ಡಿಸ್ಟ್ರಿಕ್ಟ್ ನಿಮ್ಮ ಮಗುವನ್ನು ಪಕ್ಕದ ಶಾಲೆಗೆ ಕಳಿಸಬಹುದು. ಆಗ ಬಸ್ ಕೊಡುತ್ತಾರೆಯೇ, ಜಾಗ ಖಾಲಿಯಾದಾಗ ವಾಪಸ್ ಕರೆಯುತ್ತಾರೆಯೇ ಎಂಬುದನ್ನು ಆಗಲೇ ಕೇಳಿ ತಿಳಿದುಕೊಳ್ಳಿ.

ವಿಳಾಸಕ್ಕೆ ಪುರಾವೆಯಾಗಿ ಸಾಮಾನ್ಯವಾಗಿ ಎರಡು ಕಾಗದ ಕೇಳುತ್ತಾರೆ: ಅಪ್ಪ ಅಥವಾ ಅಮ್ಮನ ಹೆಸರಿರುವ ಸಹಿಯಾದ ಲೀಸ್, ಜೊತೆಗೆ ಕರೆಂಟ್, ನೀರು ಅಥವಾ ಗ್ಯಾಸ್ ಬಿಲ್. ಹೊಸಬರ ಹತ್ತಿರ ಬಿಲ್ ಇರುವುದಿಲ್ಲ. ಕರೆಂಟ್ ಕನೆಕ್ಷನ್ ನಿಮ್ಮ ಹೆಸರಿಗೆ ಆದ ದಿನ ಕಂಪನಿ ಕಳಿಸುವ ದೃಢೀಕರಣ ಪತ್ರವನ್ನು ಬಹಳ ಕಡೆ ಒಪ್ಪುತ್ತಾರೆ, ಅದನ್ನು ಪ್ರಿಂಟ್ ತೆಗೆದಿಡಿ. ನೆಂಟರ ಮನೆಯಲ್ಲಿದ್ದೀರಿ ಎಂದಾದರೆ, ಮನೆಯವರು ‘ಇವರು ನಮ್ಮ ಜೊತೆಗಿದ್ದಾರೆ’ ಎಂದು ನೋಟರಿ ಮುಂದೆ ಸಹಿ ಮಾಡಿದ ಅಫಿಡವಿಟ್ಟೂ ಅವರ ಲೀಸಿನ ಪ್ರತಿಯೂ ಬೇಕಾಗುತ್ತದೆ.

ಇಲ್ಲಿಯೇ ಇನ್ನೊಂದು ಭಯ ಕಳೆದುಬಿಡೋಣ. ಮಗುವಿನ ವೀಸಾ ಯಾವುದು ಎಂಬುದರ ಮೇಲೆ ಪ್ರವೇಶ ನಿಂತಿಲ್ಲ. ವಲಸೆ ದಾಖಲೆ ಇಲ್ಲ ಎಂಬ ಕಾರಣಕ್ಕೆ ಮಕ್ಕಳಿಗೆ ಪಬ್ಲಿಕ್ ಶಾಲೆ ನಿರಾಕರಿಸುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲಿ, ಪ್ಲೈಲರ್ ವರ್ಸಸ್ ಡೋ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಎಚ್-4, ಎಲ್-2, ಎಫ್-2 ಅವಲಂಬಿತ ವೀಸಾದ ಮಕ್ಕಳು ಯಾವ ಅಡ್ಡಿಯೂ ಇಲ್ಲದೆ ಸೇರಬಹುದು. ಸೋಶಿಯಲ್ ಸೆಕ್ಯುರಿಟಿ ನಂಬರ್ (ಅಮೆರಿಕ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಎಂಬ ಖಾನೆ ಫಾರಂನಲ್ಲಿದ್ದರೆ ಖಾಲಿ ಬಿಡಿ, ಅದು ಇಲ್ಲ ಎಂದು ಪ್ರವೇಶ ತಡೆಯುವಂತಿಲ್ಲ. ವಯಸ್ಸಿನ ಪುರಾವೆಗೆ ಪಾಸ್‌ಪೋರ್ಟ್ ಅಥವಾ ಜನನ ಪ್ರಮಾಣಪತ್ರ ಸಾಕು. ನಮ್ಮ ಕಡೆಯ ಟಿ.ಸಿ.ಯನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಒಂದನೇ ತರಗತಿ ಅಥವಾ ಮೇಲಿನ ಮಗುವಾದರೆ ಹಿಂದಿನ ಎರಡು ವರ್ಷದ ಅಂಕಪಟ್ಟಿ ಇದ್ದರೆ ಒಳ್ಳೆಯದು.

ತರಗತಿಯನ್ನು ಹೆಚ್ಚಾಗಿ ವಯಸ್ಸಿನ ಮೇಲೆಯೇ ನಿರ್ಧರಿಸುತ್ತಾರೆ. ಕಿಂಡರ್‌ಗಾರ್ಟನ್‌ಗೆ ಐದು ವರ್ಷ ತುಂಬಿರಬೇಕು. ಯಾವ ತಾರೀಕಿಗೆ ತುಂಬಿರಬೇಕು ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಲ್ಲಿ ಸೆಪ್ಟೆಂಬರ್ 1. ನ್ಯೂಯಾರ್ಕ್ ನಗರದಲ್ಲಿ ಡಿಸೆಂಬರ್ 31. ಯುಕೆಜಿ ಮುಗಿಸಿ ಹೋದ ಐದೂವರೆ ವರ್ಷದ ಮಗುವನ್ನು ಕಿಂಡರ್‌ಗಾರ್ಟನ್‌ಗೇ ಹಾಕಿದರೆ ‘ಒಂದು ವರ್ಷ ಹಿಂದೆ ಬಿತ್ತು’ ಎಂದು ಜಗಳಕ್ಕೆ ಹೋಗುವವರಿದ್ದಾರೆ. ಅದು ಆ ಮಗುವಿನ ವಯಸ್ಸಿನವರೇ ಇರುವ ತರಗತಿ. ಓದು–ಲೆಕ್ಕದಲ್ಲಿ ಮುಂದಿದ್ದರೆ ಟೀಚರ್ ಅದಕ್ಕೆ ತಕ್ಕ ಕೆಲಸ ಕೊಡುತ್ತಾರೆ, ಕೇಳಿ ನೋಡಿ.

ಹೆಸರಿನ ಪೇಚು

ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಸರ್‌ನೇಮ್ ಇರುವುದಿಲ್ಲ, ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾನೆ ಖಾಲಿ ಬಿಟ್ಟು ಪೂರ್ತಿ ಹೆಸರನ್ನು ‘ಗಿವನ್ ನೇಮ್’ನಲ್ಲಿ ಬರೆಸಿದ್ದರೆ, ಅಮೆರಿಕದ ವೀಸಾದಲ್ಲಿ ಆ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬೀಳುತ್ತದೆ. ‘ಮೊದಲ ಹೆಸರು ತಿಳಿದಿಲ್ಲ’ ಎಂಬುದರ ಸಂಕ್ಷೇಪ ಅದು. ಶಾಲೆಯ ಗುಮಾಸ್ತರು ಅದನ್ನೇ ಕಂಪ್ಯೂಟರಿಗೆ ಹಾಕಿದರೆ ಹಾಜರಿ ಪಟ್ಟಿ, ಊಟದ ಖಾತೆ, ಬಸ್ ಟ್ಯಾಗ್ ಎಲ್ಲದರಲ್ಲೂ ಮಗುವಿನ ಹೆಸರು ‘ಫ್ನು’ ಆಗುತ್ತದೆ. ಮೊದಲ ದಿನ ಟೀಚರ್ ಹಾಗೆಯೇ ಕೂಗುತ್ತಾರೆ, ಮಗು ತನ್ನನ್ನಲ್ಲ ಎಂದುಕೊಂಡು ಸುಮ್ಮನೆ ಕೂರುತ್ತದೆ.

ಇದಕ್ಕೆ ದಾರಿ ಎರಡು. ಸಮಯವಿದ್ದರೆ ಹೊರಡುವ ಮೊದಲೇ ಪಾಸ್‌ಪೋರ್ಟಿನಲ್ಲಿ ಹೆಸರನ್ನು ಎರಡು ಭಾಗ ಮಾಡಿಸಿ, ವೀಸಾವನ್ನು ಅದರ ಮೇಲೆ ಮಾಡಿಸಿ. ಇಲ್ಲವಾದರೆ ಪ್ರವೇಶ ಫಾರಂನಲ್ಲಿ ‘ಪ್ರಿಫರ್ಡ್ ನೇಮ್’ ಎಂಬ ಖಾನೆ ಹುಡುಕಿ ಕರೆಯುವ ಹೆಸರನ್ನು ಬರೆಯಿರಿ. ಖಾನೆ ಇಲ್ಲದಿದ್ದರೆ ಆಫೀಸಿನಲ್ಲಿ ಹೇಳಿ ದಾಖಲು ಮಾಡಿಸಿ, ಟೀಚರಿಗೂ ಒಂದು ಇಮೇಲ್ ಹಾಕಿ, ಹೆಸರನ್ನು ಹೇಗೆ ಉಚ್ಚರಿಸಬೇಕು ಎಂಬುದನ್ನೂ ಬಿಡಿಸಿ ಬರೆಯಿರಿ.

ಲಸಿಕೆ ಚೀಟಿ: ಎಲ್ಲಾ ಹಾಕಿಸಿದ್ದರೂ ‘ಸಾಲದು’ ಅನ್ನುವುದು ಯಾಕೆ

ತಾಯಿ ಕಾರ್ಡ್ ಭರ್ತಿಯಾಗಿದೆ, ಡಾಕ್ಟರು ಹೇಳಿದ್ದನ್ನೆಲ್ಲ ತಪ್ಪದೆ ಹಾಕಿಸಿದ್ದೀರಿ. ಆದರೂ ಶಾಲೆಯ ನರ್ಸ್ ಪಟ್ಟಿ ನೋಡಿ ಮೂರು ಚುಚ್ಚುಮದ್ದು ಬಾಕಿ ಎನ್ನುತ್ತಾರೆ. ಇದರಲ್ಲಿ ನಿಮ್ಮ ತಪ್ಪಾಗಲಿ, ನಿಮ್ಮ ಡಾಕ್ಟರ ತಪ್ಪಾಗಲಿ ಇಲ್ಲ. ಎರಡು ದೇಶಗಳ ವೇಳಾಪಟ್ಟಿ ಬೇರೆ. ವ್ಯತ್ಯಾಸ ಎಲ್ಲಿ ಬರುತ್ತದೆ ಎಂಬುದು ಗೊತ್ತಿದ್ದರೆ ಗಾಬರಿಗೆ ಕಾರಣವಿಲ್ಲ.

ದಡಾರದ ಲಸಿಕೆ ಮೊದಲನೆಯದು. ನಮ್ಮಲ್ಲಿ ಅದನ್ನು ಒಂಬತ್ತು ತಿಂಗಳು ತುಂಬಿದಾಗ ಹಾಕುತ್ತಾರೆ. ಅಮೆರಿಕದಲ್ಲಿ ಒಂದು ವರ್ಷ ತುಂಬುವ ಮೊದಲು ಹಾಕಿದ ಡೋಸನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ನಾಲ್ಕು ದಿನದ ರಿಯಾಯಿತಿ ಮಾತ್ರ ಇದೆ. ಶಾಲೆಗೆ ಬೇಕಾದ್ದು ಒಂದು ವರ್ಷದ ನಂತರದ ಎರಡು ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಡೋಸ್. ಇನ್ನೊಂದು ವಿಷಯವೆಂದರೆ, ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ ಕೊಡುವುದು ಎಂಆರ್. ಅದರಲ್ಲಿ ದಡಾರ ಮತ್ತು ರುಬೆಲ್ಲಾ ಇವೆ, ಮಂಗನಬಾವು ಇಲ್ಲ. ಆರೋಗ್ಯ ಕೇಂದ್ರದಲ್ಲಿ ಮಾತ್ರ ಲಸಿಕೆ ಹಾಕಿಸಿದ ಮಗುವಿಗೆ ಎಂಎಂಆರ್ ಬಾಕಿ ಎಂದೇ ತಿಳಿಯಿರಿ. ಸೀತಾಳೆ ಸಿಡುಬಿನ ಲಸಿಕೆ, ಅಂದರೆ ವ್ಯಾರಿಸೆಲ್ಲಾ, ಸರ್ಕಾರಿ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅಮೆರಿಕದಲ್ಲಿ ಅದೂ ಸಾಮಾನ್ಯವಾಗಿ ಎರಡು ಡೋಸ್ ಬೇಕು.

ಪೋಲಿಯೊ ಎರಡನೆಯದು. ಬಾಯಿಗೆ ಹಾಕುವ ಹನಿಯಲ್ಲಿ ಮೊದಲು ಮೂರೂ ಬಗೆಯ ಪೋಲಿಯೊ ವೈರಸ್‌ಗೆ ರಕ್ಷಣೆ ಇತ್ತು. 2016ರ ಏಪ್ರಿಲ್‌ನಲ್ಲಿ ಜಗತ್ತಿನ ಎಲ್ಲ ಕಡೆ ಅದನ್ನು ನಿಲ್ಲಿಸಿ ಎರಡು ಬಗೆಗೆ ಮಾತ್ರ ಕೆಲಸ ಮಾಡುವ ಹನಿ ತಂದರು. ಅಮೆರಿಕಕ್ಕೆ ಮೂರೂ ಬಗೆಯ ರಕ್ಷಣೆ ಬೇಕು. ಆದ್ದರಿಂದ 2016ರ ಏಪ್ರಿಲ್ 1ರಿಂದ ಈಚೆಗೆ ಹಾಕಿದ ಹನಿಗಳನ್ನು, ಪಲ್ಸ್ ಪೋಲಿಯೊ ಸೇರಿ, ಅಲ್ಲಿ ಎಣಿಸುವುದಿಲ್ಲ. ಚೀಟಿಯಲ್ಲಿ ಹತ್ತು ಹನಿ ಇದ್ದರೂ ಚುಚ್ಚುಮದ್ದಿನ ಪೋಲಿಯೊ ಎಷ್ಟಾಗಿದೆ ಎಂದೇ ನೋಡುತ್ತಾರೆ. ಕೊನೆಯ ಡೋಸ್ ನಾಲ್ಕು ವರ್ಷ ತುಂಬಿದ ಮೇಲೆ ಆಗಿರಬೇಕು. ಡಿಪಿಟಿಯ ಕೊನೆಯ ಡೋಸಿಗೂ ಇದೇ ನಾಲ್ಕು ವರ್ಷದ ನಿಯಮ. ನಮ್ಮ ಸರ್ಕಾರಿ ಪಟ್ಟಿಯಲ್ಲಿ ಎರಡನೇ ಬೂಸ್ಟರ್ 5–6 ವರ್ಷಕ್ಕೆ ಬರುವುದರಿಂದ, ಐದು ತುಂಬಿದ ಕೂಡಲೇ ಹೊರಟ ಮಗುವಿಗೆ ಅದು ಉಳಿದಿರುತ್ತದೆ.

ಹೆಚ್ಚು ಗೊಂದಲ ಮಾಡುವುದು ಹೆಪಟೈಟಿಸ್-ಬಿ. ನಮ್ಮಲ್ಲಿ ಹುಟ್ಟಿದಾಗ ಒಂದು, ಆಮೇಲೆ 6, 10, 14ನೇ ವಾರದಲ್ಲಿ ಒಂದೊಂದು, ಹೀಗೆ ನಾಲ್ಕು ಡೋಸ್ ಆಗಿರುತ್ತದೆ. ಅಮೆರಿಕದ ವೇಳಾಪಟ್ಟಿಯ ಪ್ರಕಾರ ಮೂರೇ ಡೋಸ್ ಸಾಕು, ಆದರೆ ಕೊನೆಯದು ಮಗುವಿಗೆ 24 ವಾರ ತುಂಬಿದ ನಂತರದ್ದಾಗಿರಬೇಕು. 14ನೇ ವಾರಕ್ಕೇ ಮುಗಿದಿದ್ದರೆ, ಈ ನಿಯಮ ಹಿಡಿಯುವ ರಾಜ್ಯಗಳಲ್ಲಿ ಇನ್ನೊಂದು ಹಾಕಿಸಬೇಕು. ಹದಿನೆಂಟು ತಿಂಗಳಿಗೆ ಖಾಸಗಿ ಆಸ್ಪತ್ರೆಯಲ್ಲಿ ಹೆಕ್ಸಾವೇಲೆಂಟ್ (ಆರು ಲಸಿಕೆ ಒಂದರಲ್ಲೇ ಇರುವ) ಬೂಸ್ಟರ್ ಹಾಕಿಸಿದ್ದರೆ ಅದರಲ್ಲೇ ಹೆಪಟೈಟಿಸ್-ಬಿ ಇರುತ್ತದೆ, ತೊಂದರೆ ಮುಗಿಯಿತು. ಆದರೆ ಇದು ನರ್ಸಿಗೆ ತಿಳಿಯಬೇಕಲ್ಲ!

ಇಲ್ಲಿಯೇ ಚೀಟಿಯ ಬರವಣಿಗೆ ಮುಖ್ಯವಾಗುವುದು. ನಮ್ಮ ಕಾರ್ಡುಗಳಲ್ಲಿ ಕಂಪನಿಯ ಸ್ಟಿಕ್ಕರ್ ಅಂಟಿಸಿರುತ್ತಾರೆ, ಇಲ್ಲವೇ ‘ಪೆಂಟಾ-1, ಪೆಂಟಾ-2’ ಎಂದು ಬರೆದಿರುತ್ತಾರೆ. ಸರ್ಕಾರಿ ಪೆಂಟಾದಲ್ಲಿ ಡಿಪಿಟಿ, ಹೆಪಟೈಟಿಸ್-ಬಿ, ಹಿಬ್ ಇವೆ, ಪೋಲಿಯೊ ಇಲ್ಲ. ಖಾಸಗಿಯಲ್ಲಿ ಸಿಗುವ ಪೆಂಟಾಕ್ಸಿಮ್‌ನಲ್ಲಿ ಡಿಪಿಟಿ, ಪೋಲಿಯೊ, ಹಿಬ್ ಇವೆ, ಹೆಪಟೈಟಿಸ್-ಬಿ ಇಲ್ಲ. ಹೆಸರು ಒಂದೇ ಥರ, ಒಳಗಿನ ಮದ್ದು ಬೇರೆ. ನರ್ಸ್ ಒಂದನ್ನು ಇನ್ನೊಂದು ಎಂದುಕೊಂಡರೆ ಮಗುವಿಗೆ ಬೇಡದ ಚುಚ್ಚುಮದ್ದು ಬೀಳುತ್ತದೆ, ಬೇಕಾದದ್ದು ತಪ್ಪುತ್ತದೆ. ತಾರೀಕೂ ಹಾಗೆಯೇ. ನಾವು 08/05/2019 ಎಂದು ಬರೆದದ್ದು ಮೇ 8. ಅವರು ಓದುವುದು ಆಗಸ್ಟ್ 5. ಒಂದೇ ಚೀಟಿಯಲ್ಲಿ ಎರಡು ಡೋಸ್‌ಗಳ ಕ್ರಮವೇ ತಿರುಗಿಬಿಡುತ್ತದೆ.

ಹೊರಡುವ ಮೊದಲು ಮಾಡಬೇಕಾದ್ದು ಇಷ್ಟು: ನಿಮ್ಮ ಮಕ್ಕಳ ಡಾಕ್ಟರ ಹತ್ತಿರ ಲೆಟರ್‌ಹೆಡ್ ಮೇಲೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಪಟ್ಟಿ ತೆಗೆದುಕೊಳ್ಳಿ. ಪ್ರತಿ ಡೋಸಿನ ಎದುರು ಬ್ರ್ಯಾಂಡ್ ಹೆಸರು, ಅದರೊಳಗಿನ ಪ್ರತಿಯೊಂದು ಲಸಿಕೆಯ ಹೆಸರು, ಪೋಲಿಯೊ ಹನಿಯೋ ಚುಚ್ಚುಮದ್ದೋ ಎಂಬುದು, ತಿಂಗಳನ್ನು ಅಕ್ಷರದಲ್ಲಿ ಬರೆದ ತಾರೀಕು ಇರಲಿ. ಕೆಳಗೆ ಸಹಿ, ಸೀಲು, ನೋಂದಣಿ ಸಂಖ್ಯೆ. ಮೂಲ ಕಾರ್ಡನ್ನೂ ಜೊತೆಗಿಡಿ, ಚೆಕ್-ಇನ್ ಲಗೇಜಿನಲ್ಲಿ ಹಾಕಬೇಡಿ. ಎರಡು ತಿಂಗಳು ಸಮಯವಿದ್ದರೆ ಬಾಕಿ ಇರುವ ಎಂಎಂಆರ್, ವ್ಯಾರಿಸೆಲ್ಲಾಗಳನ್ನು ಇಲ್ಲಿಯೇ ಹಾಕಿಸಬಹುದು. ಎರಡೂ ಜೀವಂತ ವೈರಸ್‌ನ ಲಸಿಕೆಗಳಾದ್ದರಿಂದ ಒಂದೇ ದಿನ ಹಾಕಿಸಬೇಕು, ಇಲ್ಲವೇ ನಡುವೆ ಕನಿಷ್ಠ 28 ದಿನ ಬಿಡಬೇಕು. ಇಪ್ಪತ್ತೇ ದಿನಕ್ಕೆ ಹಾಕಿಸಿದರೆ ಎರಡನೆಯದನ್ನು ಅಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಲ್ಲಿ ಹೋದ ಮೇಲೆ ಹಾಕಿಸುವುದಾದರೆ, ಇನ್ಶುರೆನ್ಸ್ ಶುರುವಾಗಲಿ ಎಂದು ಕಾಯುತ್ತಾ ಕೂರಬೇಡಿ. ಇನ್ಶುರೆನ್ಸ್ ಇಲ್ಲದ ಮಕ್ಕಳಿಗೆ ಫೆಡರಲ್ ಸರ್ಕಾರದ ‘ವ್ಯಾಕ್ಸಿನ್ಸ್ ಫಾರ್ ಚಿಲ್ಡ್ರನ್’ ಯೋಜನೆಯಲ್ಲಿ ಲಸಿಕೆಗೆ ದುಡ್ಡಿಲ್ಲ, ಹಾಕುವುದಕ್ಕೆ ಸಣ್ಣ ಶುಲ್ಕ ಇರಬಹುದು. ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಆರೋಗ್ಯ ಇಲಾಖೆಗೆ ಫೋನ್ ಮಾಡಿದರೆ ಎಲ್ಲಿ ಎಂದು ಹೇಳುತ್ತಾರೆ. ಎಲ್ಲ ಡೋಸ್ ಮುಗಿಯುವವರೆಗೆ ಮಗು ಮನೆಯಲ್ಲೇ ಇರಬೇಕು ಎಂದೂ ಇಲ್ಲ. ಬಹಳ ರಾಜ್ಯಗಳಲ್ಲಿ ಆ ದಿನಕ್ಕೆ ಬೇಕಾದ ಡೋಸ್ ಆಗಿದ್ದು ಮುಂದಿನದಕ್ಕೆ ತಾರೀಕು ನಿಗದಿಯಾಗಿದ್ದರೆ ಷರತ್ತಿನ ಪ್ರವೇಶ ಕೊಡುತ್ತಾರೆ. ಇದನ್ನು ನೀವಾಗಿಯೇ ಕೇಳಿ. ರಾಜ್ಯದ ಪಟ್ಟಿಯನ್ನೂ ನೋಡಿಕೊಳ್ಳಿ. ಟೆಕ್ಸಾಸ್ ಹೆಪಟೈಟಿಸ್-ಎ ಕೂಡ ಕೇಳುತ್ತದೆ, ಕ್ಯಾಲಿಫೋರ್ನಿಯಾ ಕೇಳುವುದಿಲ್ಲ.

ಕೆಲವು ಕಡೆ ಭಾರತದಿಂದ ಬಂದ ಮಕ್ಕಳಿಗೆ ಕ್ಷಯ ಪರೀಕ್ಷೆಯೂ ಇರುತ್ತದೆ. ಕ್ಷಯದ ಲಸಿಕೆಯಾದ ಬಿಸಿಜಿ ಹಾಕಿಸಿಕೊಂಡ ಮಗುವಿಗೆ ಚರ್ಮದ ಪರೀಕ್ಷೆಯಲ್ಲಿ ಕಾಯಿಲೆ ಇಲ್ಲದಿದ್ದರೂ ‘ಪಾಸಿಟಿವ್’ ಬರಬಹುದು. ಆಮೇಲೆ ಎದೆಯ ಎಕ್ಸ್‌ರೇ, ಓಡಾಟ. ಮೊದಲೇ ಡಾಕ್ಟರಿಗೆ ಬಿಸಿಜಿ ಆಗಿದೆ ಎಂದು ಹೇಳಿ, ರಕ್ತದ ಪರೀಕ್ಷೆ ಮಾಡಿಸಿ ಎಂದು ಕೇಳಿ. ಆ ಪರೀಕ್ಷೆಗೆ ಬಿಸಿಜಿ ಅಡ್ಡ ಬರುವುದಿಲ್ಲ.

ಮನೆಯಲ್ಲಿ ಕನ್ನಡ ಎಂದು ಬರೆಯಲು ಹೆದರಬೇಡಿ

ಪ್ರವೇಶದ ಕಾಗದಗಳಲ್ಲಿ ‘ಹೋಮ್ ಲ್ಯಾಂಗ್ವೇಜ್ ಸರ್ವೆ’ ಎಂಬ ಒಂದು ಪುಟ ಇರುತ್ತದೆ. ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಹೆಚ್ಚು ಯಾವ ಭಾಷೆ ಆಡುತ್ತೀರಿ ಎಂಬಂಥ ಮೂರು–ನಾಲ್ಕು ಪ್ರಶ್ನೆ. ಮಗುವನ್ನು ‘ಇಂಗ್ಲಿಷ್ ಬಾರದವರ’ ಗುಂಪಿಗೆ ತಳ್ಳುತ್ತಾರೆ ಎಂಬ ಭಯಕ್ಕೆ ಎಷ್ಟೋ ಮಂದಿ ಎಲ್ಲದಕ್ಕೂ ಇಂಗ್ಲಿಷ್ ಎಂದು ಬರೆದುಬಿಡುತ್ತಾರೆ. ಕನ್ನಡ ಎಂದು ಬರೆದರೆ ಆಗುವುದು ಇಷ್ಟೇ: ಶಾಲೆ ಮಗುವಿಗೆ ಕೇಳುವುದು, ಮಾತಾಡುವುದು, ಓದುವುದು, ಬರೆಯುವುದರಲ್ಲಿ ಒಂದು ಪರೀಕ್ಷೆ ಮಾಡುತ್ತದೆ. ಅದರಲ್ಲಿ ಪಾಸಾದರೆ ಮಾತು ಅಲ್ಲಿಗೆ ಮುಗಿಯಿತು. ಪಾಸಾಗದಿದ್ದರೆ ಇಂಗ್ಲಿಷ್ ಕಲಿಸಲು ತರಬೇತಾದ ಟೀಚರ್ ವಾರಕ್ಕೆ ಕೆಲವು ಅವಧಿ ಸಿಗುತ್ತಾರೆ, ಅದಕ್ಕೆ ದುಡ್ಡಿಲ್ಲ. ಮಗು ತನ್ನ ತರಗತಿಯಲ್ಲೇ ಇರುತ್ತದೆ. ಶಾಲೆ ಶುರುವಾದ 30 ದಿನದೊಳಗೆ ಫಲಿತಾಂಶವನ್ನು ನಿಮಗೆ ಪತ್ರದಲ್ಲಿ ತಿಳಿಸಬೇಕು. ನಡುವೆ ಸೇರಿದವರಿಗೆ ಎರಡು ವಾರದೊಳಗೆ. ಆ ಪಾಠ ಬೇಡ ಎನ್ನುವ ಹಕ್ಕೂ ನಿಮಗಿದೆ, ಆದರೆ ವರ್ಷಕ್ಕೊಮ್ಮೆ ನಡೆಯುವ ಭಾಷಾ ಪರೀಕ್ಷೆ ಆಗಲೂ ತಪ್ಪುವುದಿಲ್ಲ.

ಸುಳ್ಳು ಬರೆದರೆ ಕಷ್ಟ ಮಗುವಿಗೆ. ಇಂಗ್ಲಿಷೇ ಮನೆಮಾತು ಎಂದು ದಾಖಲಾದ ಮಗು ಮೊದಲ ಮೂರು ತಿಂಗಳು ತರಗತಿಯಲ್ಲಿ ಬಾಯಿ ಬಿಡದಿದ್ದರೆ, ಟೀಚರ್ ಮನಸ್ಸಿಗೆ ಬರುವುದು ಕಲಿಕೆಯ ತೊಂದರೆಯೇ. ಹೊಸ ಭಾಷೆಗೆ ಬಿದ್ದ ಮಕ್ಕಳು ಕೆಲವು ತಿಂಗಳು ಬರೀ ಕೇಳಿಸಿಕೊಳ್ಳುತ್ತಾ ಮೌನವಾಗಿರುವುದು ಸಹಜ. ಟೀಚರಿಗೆ ಅದು ಸಹಜ ಎಂದು ಗೊತ್ತಾಗಬೇಕಾದರೆ ಕನ್ನಡ ಎಂಬ ಮಾತು ಫೈಲಿನಲ್ಲಿ ಇರಬೇಕು. ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಹಿಡಿಯಿರಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ನಿಜವಾಗಿಯೂ ಮಾತಿನದೋ, ಕಲಿಕೆಯದೋ ತೊಂದರೆ ಇದೆ ಎಂದು ನಿಮಗೇ ಅನಿಸಿದರೆ, ಬಾಯಲ್ಲಿ ಹೇಳಿ ಬರಬೇಡಿ. ‘ಮಗುವಿನ ವಿಶೇಷ ಶಿಕ್ಷಣ ಮೌಲ್ಯಮಾಪನ ಮಾಡಿ’ ಎಂದು ತಾರೀಕು ಹಾಕಿ ಪ್ರಿನ್ಸಿಪಾಲರಿಗೆ ಬರೆದು ಕೊಡಿ. ನೀವು ಒಪ್ಪಿಗೆಗೆ ಸಹಿ ಹಾಕಿದ ಮೇಲೆ, ರಾಜ್ಯದ್ದೇ ಬೇರೆ ಗಡುವು ಇಲ್ಲದಿದ್ದರೆ, 60 ದಿನದಲ್ಲಿ ಮೌಲ್ಯಮಾಪನ ಮುಗಿಸಬೇಕು ಎಂದು ಫೆಡರಲ್ ಕಾನೂನು ಹೇಳುತ್ತದೆ. ಕನ್ನಡದಲ್ಲೂ ಪರೀಕ್ಷಿಸುವ ವ್ಯವಸ್ಥೆ ಮಾಡಿ ಎಂದು ಅದೇ ಪತ್ರದಲ್ಲಿ ಕೇಳಿ.

ದಿನದ ಲೆಕ್ಕಾಚಾರ

ಊಟಕ್ಕೆ ಸಿಗುವುದು 20–30 ನಿಮಿಷ, ಕೈ ತೊಳೆದು ಸಾಲಿನಲ್ಲಿ ಬಂದು ಕೂರುವುದೂ ಅದರಲ್ಲೇ. ಡಬ್ಬಿ ಬಿಸಿ ಮಾಡಿಕೊಡುವವರು ಇರುವುದಿಲ್ಲ. ಥರ್ಮಸ್ ಡಬ್ಬಿಗೆ ಮೊದಲು ಕುದಿಯುವ ನೀರು ಹಾಕಿ ಐದು ನಿಮಿಷ ಬಿಟ್ಟು, ಚೆಲ್ಲಿ, ಆಮೇಲೆ ಬಿಸಿ ಅನ್ನ ತುಂಬಿದರೆ ಮಧ್ಯಾಹ್ನಕ್ಕೂ ಬೆಚ್ಚಗಿರುತ್ತದೆ. ಮುಚ್ಚಳವನ್ನು ಮಗು ತಾನೇ ತೆಗೆಯಬಲ್ಲದೇ ಎಂದು ಮನೆಯಲ್ಲಿ ಮೂರು ದಿನ ನೋಡಿ. ಬಿಸಿ ತುಂಬಿದ ಮುಚ್ಚಳ ತಣ್ಣಗಾಗುತ್ತಾ ಬಿಗಿಯುತ್ತದೆ, ತೆಗೆಯಲಾರದೆ ಮಗು ಹಸಿದೇ ಬರುತ್ತದೆ. ಚಿತ್ರಾನ್ನ, ಪುಳಿಯೋಗರೆಯ ಕಡಲೆಬೀಜದ ಬಗ್ಗೆ ಎಚ್ಚರ ಬೇಕು. ಕಡಲೆಬೀಜದ ವಾಸನೆಗಲ್ಲ, ಕೈಗಂಟಿದ ಚೂರು ಇನ್ನೊಂದು ಮಗುವಿನ ಬಾಯಿಗೆ ಹೋದರೆ ಜೀವಕ್ಕೇ ಅಪಾಯವಾಗಬಹುದು ಎಂಬ ಕಾರಣಕ್ಕೆ ಎಷ್ಟೋ ತರಗತಿಗಳಲ್ಲಿ ಅದನ್ನು ನಿಷೇಧಿಸಿರುತ್ತಾರೆ. ಶಾಲೆಯ ಊಟವೇ ತಿನ್ನಿಸುವುದಾದರೆ, ಸಸ್ಯಾಹಾರಿಗಳು ಮಾಂಸದ ಜೊತೆಗೆ ಜೆಲಾಟಿನ್ ಬಗ್ಗೆಯೂ ಕೇಳಿ. ಜೆಲ್ಲಿ, ಮಾರ್ಷ್‌ಮೆಲ್ಲೋಗಳಲ್ಲಿ ಇರುವ ಅದು ಪ್ರಾಣಿಯಿಂದ ಬಂದದ್ದು. ಊಟ ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಎಲ್ಲ ಮಕ್ಕಳಿಗೂ ಉಚಿತ. ಬೇರೆ ಕಡೆ ಮನೆಯ ಆದಾಯ ಬಡತನ ರೇಖೆಯ 130 ಶೇಕಡದೊಳಗಿದ್ದರೆ ಉಚಿತ, 185 ಶೇಕಡದವರೆಗೆ ರಿಯಾಯಿತಿ.

ಪೂರ್ತಿ ಟಾಯ್ಲೆಟ್ ಅಭ್ಯಾಸ ಮಗುವಿಗೆ ಇರಬೇಕು. ಅಲ್ಲಿ ನೀರಿಲ್ಲ, ಪೇಪರ್ ಮಾತ್ರ. ಟೀಚರ್ ಒಳಗೆ ಬಂದು ಸಹಾಯ ಮಾಡುವುದಿಲ್ಲ. ಪೇಪರ್ ಬಳಸುವುದನ್ನು, ಪ್ಯಾಂಟಿನ ಗುಂಡಿ ಹಾಕಿಕೊಳ್ಳುವುದನ್ನು ಮನೆಯಲ್ಲೇ ಕಲಿಸಿ. ‘ಟಾಯ್ಲೆಟ್’ ಎಂದರೂ ಅರ್ಥವಾಗುತ್ತದೆ, ಆದರೆ ಅಲ್ಲಿ ಆಡುವ ಮಾತು ‘ಬಾತ್‌ರೂಮ್’. ಅದನ್ನು ಕೇಳುವ ಒಂದು ವಾಕ್ಯ, ‘ನನಗೆ ಹೊಟ್ಟೆ ನೋಯುತ್ತಿದೆ’ ಎನ್ನುವ ಒಂದು ವಾಕ್ಯ, ಇವೆರಡು ಮೊದಲ ದಿನಕ್ಕೆ ಬಾಯಿಗೆ ಬಂದಿರಲಿ.

ಜ್ವರದ ಸಿರಪ್, ಕೆಮ್ಮಿನ ಔಷಧಿ ಬ್ಯಾಗಿನಲ್ಲಿ ಇಟ್ಟು ಕಳಿಸುವಂತಿಲ್ಲ. ಶಾಲೆಯಲ್ಲಿ ಔಷಧಿ ಕೊಡಬೇಕಿದ್ದರೆ ಡಾಕ್ಟರ ಸಹಿಯ ಫಾರಂ ಸಮೇತ ನೀವೇ ನರ್ಸಿನ ಕೈಗೆ ಕೊಡಬೇಕು. ಜ್ವರ ಬಂದ ಮಗು ಔಷಧಿ ಇಲ್ಲದೆ 24 ಗಂಟೆ ಜ್ವರವಿಲ್ಲದೆ ಇದ್ದ ಮೇಲೆಯೇ ಶಾಲೆಗೆ ವಾಪಸ್.

ಮಗುವನ್ನು ಕರೆದೊಯ್ಯಲು ಯಾರಿಗೆ ಅನುಮತಿ ಎಂಬ ಪಟ್ಟಿ ಬರೆದುಕೊಡಬೇಕು. ಪಟ್ಟಿಯಲ್ಲಿ ಇಲ್ಲದಿದ್ದರೆ ಅಜ್ಜಿ ಬಂದರೂ ಕಳಿಸುವುದಿಲ್ಲ, ಮಗು ‘ಅಜ್ಜಿ’ ಎಂದು ಓಡಿ ಹೋದರೂ ಸಹ. ಊರಿಂದ ಅಪ್ಪ–ಅಮ್ಮ ಬಂದಾಗ ಅವರ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇರುವಂತೆ ಸೇರಿಸಿ, ಫೋಟೋ ಗುರುತಿನ ಚೀಟಿ ಇಟ್ಟುಕೊಂಡು ಹೋಗಲು ಹೇಳಿ. ತುರ್ತು ಸಂಪರ್ಕಕ್ಕೆ ಬರೆಯುವವರು ಅರ್ಧ ಗಂಟೆಯಲ್ಲಿ ಶಾಲೆಗೆ ತಲುಪಬಲ್ಲವರಾಗಿರಲಿ. ಬೇರೆ ರಾಜ್ಯದ ಕಸಿನ್ ನಂಬರ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ವಾರಕ್ಕೊಂದು ದಿನ ಬೇಗ ಬಿಡುವ ಪದ್ಧತಿ ಎಷ್ಟೋ ಡಿಸ್ಟ್ರಿಕ್ಟ್‌ಗಳಲ್ಲಿದೆ, ಕ್ಯಾಲೆಂಡರಿನಲ್ಲಿ ಆ ದಿನವನ್ನು ಮೊದಲು ಗುರುತು ಹಾಕಿ. ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಶಾಲೆ ಬಿಟ್ಟ ನಂತರದ ಆರೈಕೆಗೆ, ಪ್ರವೇಶದ ದಿನವೇ ಹೆಸರು ಬರೆಸಿ. ಶಾಲೆಯಲ್ಲಿ ಸೀಟು ಖಂಡಿತ, ಇದರಲ್ಲಿ ಹಾಗಲ್ಲ.

ಊರಿಗೆ ಹೋಗುವ ಟಿಕೆಟ್ ತೆಗೆಯುವ ಮೊದಲು

ಶಾಲೆ ವರ್ಷಕ್ಕೆ ಸುಮಾರು 180 ದಿನ ನಡೆಯುತ್ತದೆ. ಅದರಲ್ಲಿ ಶೇಕಡ 10, ಅಂದರೆ 18 ದಿನ ತಪ್ಪಿದರೆ, ಕಾರಣ ಏನೇ ಇರಲಿ, ಮಗು ‘ತೀವ್ರ ಗೈರುಹಾಜರಿ’ ಪಟ್ಟಿಗೆ ಸೇರುತ್ತದೆ. ಡಿಸೆಂಬರಿನ ಎರಡು ವಾರದ ರಜೆಗೆ ಹಿಂದೆ ಒಂದು ವಾರ, ಮುಂದೆ ಎರಡು ವಾರ ಸೇರಿಸಿಕೊಂಡು ಮದುವೆ, ಗೃಹಪ್ರವೇಶ ಮುಗಿಸಿ ಬರುವವರಿಗೆ ಒಂದೇ ಏಟಿಗೆ 15 ದಿನ ಹೋಯಿತು. ಇಂಥ ಗೈರು ಸಾಮಾನ್ಯವಾಗಿ ‘ಅನ್‌ಎಕ್ಸ್‌ಕ್ಯೂಸ್ಡ್’, ಅಂದರೆ ಶಾಲೆ ಒಪ್ಪದ ಗೈರು. ಕೆಲವು ಡಿಸ್ಟ್ರಿಕ್ಟ್‌ಗಳು ಸತತವಾಗಿ ಹತ್ತು–ಹದಿನೈದು ದಿನ ಬಾರದ ಮಗುವಿನ ಹೆಸರನ್ನು ತೆಗೆದುಹಾಕುತ್ತವೆ. ವಾಪಸ್ ಬಂದ ಮೇಲೆ ಮತ್ತೆ ಪ್ರವೇಶ, ಮತ್ತೆ ವಿಳಾಸದ ಪುರಾವೆ. ಅಷ್ಟರಲ್ಲಿ ತರಗತಿ ತುಂಬಿದ್ದರೆ ಬೇರೆ ಶಾಲೆ. ಹೋಗಲೇಬೇಕಿದ್ದರೆ ಒಂದು ತಿಂಗಳು ಮುಂಚೆ ಪ್ರಿನ್ಸಿಪಾಲರಿಗೆ ಬರೆದು, ಮನೆಯಿಂದ ಓದುವ ಒಪ್ಪಂದದ ವ್ಯವಸ್ಥೆ ಇದೆಯೇ ಎಂದು ಕೇಳಿ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ‘ಇಂಡಿಪೆಂಡೆಂಟ್ ಸ್ಟಡಿ’ ಎನ್ನುತ್ತಾರೆ. ಹೊರಡುವ ಮೊದಲೇ ಸಹಿ ಹಾಕಿ, ಕೊಟ್ಟ ಕೆಲಸ ಮುಗಿಸಿ ತಂದರೆ ಗೈರು ಬೀಳುವುದಿಲ್ಲ.

ಒಂದು ದಿನದ ಜ್ವರಕ್ಕೂ ಬೆಳಿಗ್ಗೆಯೇ ಹಾಜರಾತಿ ನಂಬರಿಗೆ ಫೋನ್ ಮಾಡಿ, ಇಲ್ಲವೇ ಆ್ಯಪ್‌ನಲ್ಲಿ ತಿಳಿಸಿ. ತಿಳಿಸದಿದ್ದರೆ ಮಗು ಎಲ್ಲಿದೆ ಎಂದು ಶಾಲೆಯಿಂದಲೇ ಫೋನ್ ಬರುತ್ತದೆ. ಮನೆ ಬದಲಿಸಿ ಬೇರೆ ಡಿಸ್ಟ್ರಿಕ್ಟ್‌ಗೆ ಹೋಗುವಾಗ ಹಳೆ ಶಾಲೆಯಲ್ಲಿ ಬಿಡುಗಡೆಯ ಫಾರಂ ತುಂಬಿ, ರಿಪೋರ್ಟ್ ಕಾರ್ಡ್, ಭಾಷಾ ಪರೀಕ್ಷೆಯ ಅಂಕ, ಶಾಲೆ ದಾಖಲಿಸಿಕೊಂಡ ಲಸಿಕೆ ಪಟ್ಟಿ, ಮೂರರ ಪ್ರತಿಯನ್ನೂ ಕೈಯಲ್ಲೇ ತೆಗೆದುಕೊಳ್ಳಿ. ದಾಖಲೆಗಳನ್ನು ಶಾಲೆಯಿಂದ ಶಾಲೆಗೆ ಅವರೇ ಕಳಿಸಿಕೊಳ್ಳುತ್ತಾರೆ ನಿಜ, ಬೇಸಿಗೆ ರಜೆಯಲ್ಲಿ ಆಫೀಸು ಮುಚ್ಚಿದ್ದರೆ ಆ ಕಾಗದ ಆಗಸ್ಟ್‌ವರೆಗೆ ಕದಲುವುದಿಲ್ಲ.